ಆ ಅಕ್ಷರದ ಬಾಲ

ನನ್ನ ತಮ್ಮನಿಗೆ ಹೆತ್ತವರಿಟ್ಟ ಹೆಸರೇನೆಂದು ನಮ್ಮ ಬೀದಿಯಲ್ಲಿ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಎಲ್ಲರಿಗೂ ಅವನು ಗೆರೆಯಣ್ಣ. ಬೋರ್ಡು ಬರೆಯುವ ಕೆಲಸ. ಅಚ್ಚಾಗಿ ಬರುವ ಫ್ಲೆಕ್ಸು ಅವನ ಅರ್ಧ ಕೆಲಸವನ್ನು ನುಂಗಿ ಹಾಕಿದೆ, ಆದರೂ ಗೋಡೆಯ ಮೇಲೆ, ತಗಡಿನ ಮೇಲೆ ಕೈಬರಹವೇ ಬೇಕೆನ್ನುವವರು ಇವನನ್ನು ಹುಡುಕಿಕೊಂಡು ಬರುತ್ತಾರೆ. ದಾರಕ್ಕೆ ನೀಲಿ ಪುಡಿ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಒಮ್ಮೆ ಮಿಡಿದರೆ ಗೋಡೆಯ ಮೇಲೆ ನೇರವಾದ ಗೆರೆ ಬೀಳುತ್ತದೆ. ಗೆರೆಯ ಮೇಲೆ ಸೀಮೆಸುಣ್ಣದ ಅಕ್ಷರ, ಸುಣ್ಣದ ಮೇಲೆ ಬಣ್ಣ. ಹಾಕಿದ ಗೆರೆ ದಾಟುವವನಲ್ಲ, ಅಕ್ಷರದಲ್ಲೂ ಅಷ್ಟೆ, ಬಾಳಿನಲ್ಲೂ ಅಷ್ಟೆ. ನನಗಿದ್ದ ಕೋಪವೂ ಅದರ ಮೇಲೆಯೇ.

ನಾನು ಅವನ ಅಕ್ಕ. ನನ್ನ ನಾಲಿಗೆ ಸ್ವಲ್ಪ ಉದ್ದ, ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಶನಿವಾರ ಶನಿವಾರ ನಮ್ಮ ಚರ್ಚು ಗುಡಿಸಿ ಒರೆಸುವುದು ನನ್ನ ಕೆಲಸ, ಗುಡಿಸುತ್ತಾ ದೇವರ ಜೊತೆ ಜಗಳ ಆಡುವುದೂ ಅದರಲ್ಲೇ ಸೇರಿದೆ. ನನ್ನ ತಮ್ಮ ಹಾಗಲ್ಲ. ಕೆಲಸ ಸಿಕ್ಕರೂ ‘ಕರ್ತನು ಆಳುತ್ತಾನೆ’, ಕೈತಪ್ಪಿದರೂ ‘ಕರ್ತನು ಆಳುತ್ತಾನೆ’. ಬಣ್ಣದ ಡಬ್ಬ ಮಗುಚಿ ಹೊಸ ಪ್ಯಾಂಟು ಹಾಳಾದ ದಿನವೂ ಅದೇ ಮಾತು. ಆಳುವವನು ಡಬ್ಬಕ್ಕೆ ಮುಚ್ಚಳ ಹಾಕು ಅಂತಲೂ ಹೇಳಿರ್ತಾನೆ ಕಣೋ ಎಂದು ನಾನು ರೇಗಿಸಿದರೆ ನಗುತ್ತಿದ್ದ.

ನಗಲಾಗದ ದಿನವೂ ಬಂತು. ನನ್ನ ಗಂಡ ಕರೆಂಟು ಕಂಬ ಹತ್ತುವ ಕೆಲಸದವರು. ಒಂದು ದಿನ ಹತ್ತಿದವರು ಇಳಿಯಲಿಲ್ಲ, ಬಿದ್ದರು. ಹೆಣ ಇನ್ನೂ ನಡುಮನೆಯಲ್ಲಿದೆ, ಇವನು ಬಂದು ನನ್ನ ಪಕ್ಕ ಕುಳಿತು, ಅಕ್ಕ, ಅವನ ಅಪ್ಪಣೆ ಇಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗಾಡಲ್ಲ ಎಂದ.

“ಬಿದ್ದಿದ್ದು ಹುಲ್ಲುಕಡ್ಡಿ ಅಲ್ಲ ಕಣೋ,” ಎಂದೆ. “ನನ್ನ ಗಂಡ.”

ಅವನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವನದು ಊರಿಗೊಂದು ಮನೆಗೊಂದು ನಾಲಿಗೆಯಲ್ಲ. ಮುಂದೆ ಅವನ ಹೆಂಡತಿ ಹಾಲುಗಲ್ಲದ ಮಗಳನ್ನು ಬಿಟ್ಟು ತೀರಿಕೊಂಡಾಗ ಅದೇ ಮಾತನ್ನು ತನಗೂ ಹೇಳಿಕೊಂಡ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಳುವವನಿದ್ದಾನೆ, ಅಳುವುದೇಕೆ ಎಂಬುದು ಅವನ ವಾದ. ನಾನು ವಾದ ಮಾಡಲು ಹೋಗಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಅವನ ಮನೆಗೆ ಬಂದು ಮಗುವನ್ನು ಎತ್ತಿಕೊಂಡೆ.

ಆ ಮಗು ನನ್ನ ಸೊಂಟದಲ್ಲಿ ನಿಂತದ್ದು ಕಡಿಮೆ. ನಡೆಯಲು ಬಂದದ್ದೇ ತಡ, ಅಪ್ಪ ಹೋದಲ್ಲೆಲ್ಲ ಹಿಂದೆಯೇ. ಅಪ್ಪನ ಬಾಲ, ಅಪ್ಪನ ಬಾಲ ಎಂದು ಕರೆದು ಕರೆದು ಕೊನೆಗೆ ‘ಬಾಲ’ ಎಂದೇ ಉಳಿಯಿತು. ನಾನು ಬೈಯುವಾಗ ಬಾಲ ಬಿಚ್ಚಬೇಡ ಎಂದರೆ, ನಾನೇ ಬಾಲ, ಇನ್ನೇನು ಬಿಚ್ಚಲಿ ಅತ್ತೆ ಎಂದು ನನ್ನನ್ನೇ ನಗಿಸಿಬಿಡುತ್ತಿದ್ದಳು.

ಅವಳು ಅಕ್ಷರ ಕಲಿತದ್ದು ಅಪ್ಪನ ಬೋರ್ಡುಗಳ ಮೇಲೆ. ಅವನು ‘ಅ’ ಬರೆಯುವನು, ಅವಳ ಕೈಗೆ ಬ್ರಷ್ಷು ಕೊಡುವನು, ಅವಳು ಕೊನೆಗೆ ಒಂದು ಬಾಲ ಎಳೆದು ಅದನ್ನು ‘ಆ’ ಮಾಡುವಳು. ಅಂದಿನಿಂದ ಅದು ಆ ಮನೆಯ ಕಟ್ಟಳೆಯಾಯಿತು. ಆಟಿಕೆ ಅಂಗಡಿಯಿರಲಿ, ಆಭರಣದ ಮಳಿಗೆಯಿರಲಿ, ‘ಆ’ ಎಲ್ಲಿ ಬಂದರೂ ಬಾಲ ಅವಳದು. ಬೆಳೆದು ಅಪ್ಪನಿಗೆ ಸಮನಾಗಿ ಬೋರ್ಡು ಬರೆಯುವ ಹೆಣ್ಣಾದ ಮೇಲೂ ಅದು ತಪ್ಪಲಿಲ್ಲ. ಅವನು ‘ಅ’ ಮುಗಿಸಿ, ತಿರುಗಿಯೂ ನೋಡದೆ, ಬ್ರಷ್ಷು ಹಿಡಿದ ಕೈಯನ್ನು ಹಿಂದಕ್ಕೆ ಚಾಚುವನು. ಅವಳು ಇಸಿದುಕೊಂಡು, ಬಾಲ ಎಳೆದು, ಬ್ರಷ್ಷನ್ನು ಅದೇ ಕೈಗೆ ಮರಳಿಸುವಳು. ಬ್ರಷ್ಷು ಕೈಗೆ ಬಂತೆಂದರೆ ಬಾಲ ಬಿತ್ತು ಎಂದರ್ಥ, ಅವನು ಮುಂದಿನ ಅಕ್ಷರಕ್ಕೆ ಸರಿಯುವನು. ದೊಡ್ಡಾಸ್ಪತ್ರೆಯ ಗೇಟಿನ ಮೇಲಿರುವ ‘ಆಸ್ಪತ್ರೆ’ಯನ್ನು ಬರೆದಾಗ ಅವಳು ತೀರ ಚಿಕ್ಕವಳು. ಆ ಬಾಲ ನಾಯಿಮರಿಯ ಬಾಲದ ಹಾಗೆ ಮೇಲಕ್ಕೆದ್ದಿದೆ. ಅಳಿಸಿ ತಿದ್ದಲು ಅವನಿಗೆ ಮನಸ್ಸು ಬಂದಿರಲಿಲ್ಲ.

ನಮ್ಮ ಚರ್ಚಿಗೆ ಹೊಸ ಕಟ್ಟಡವಾಯಿತು. ನಿಂತು ಬೋಧನೆ ಮಾಡುವ ಪೀಠದ ಹಿಂದಿನ ಗೋಡೆ ದೊಡ್ಡದು, ಬೋಳಾಗಿತ್ತು. ಅಲ್ಲಿ ಒಂದೇ ಸಾಲು ದೊಡ್ಡದಾಗಿ ಬರೆಸೋಣ ಎಂದರು ಪಾದ್ರಿಗಳು. ಯಾವ ಸಾಲು ಎಂದು ಸಭೆ ಕೂಡಿ ಯೋಚಿಸಬೇಕಾಗಿಯೇ ಬರಲಿಲ್ಲ. ಗೆರೆಯಣ್ಣನ ಬಾಯಲ್ಲಿ ದಿನವೂ ಇರುವುದೇ ಇರಲಿ ಎಂದು ಎಲ್ಲರೂ ನಕ್ಕು ಒಪ್ಪಿದರು. ಕರ್ತನು ಆಳುತ್ತಾನೆ. ಅಪ್ಪ ಮಗಳು ಹಲಗೆಯ ಅಟ್ಟಣಿಗೆ ಕಟ್ಟಿಸಿಕೊಂಡು, ದಾರ ಮಿಡಿದು, ಸೀಮೆಸುಣ್ಣದಲ್ಲಿ ಪೂರ್ತಿ ಸಾಲು ಬರೆದು ಮುಗಿಸಿದರು. ‘ಆ’ದ ಬಾಲವನ್ನು ಅವಳು ಬೇಕೆಂದೇ ಆಸ್ಪತ್ರೆಯ ಬೋರ್ಡಿನ ಹಾಗೆ ಮೇಲಕ್ಕೆ ಎಳೆದಳು. ನಾನು ಕೆಳಗೆ ನೆಲ ಒರೆಸುತ್ತಿದ್ದೆ. ಇದು ದೇವರ ಮನೆ, ತುಂಟತನ ಸಾಕು ಎಂದು ಇವನು ಗದರಿದ.

“ಇರ್ಲಿ ಬಿಡಪ್ಪ,” ಎಂದಳು. “ಯಾರು ಬರೆದಿದ್ದು ಅಂತ ದೇವರಿಗೂ ಗೊತ್ತಾಗ್ಲಿ.”

ಮಾರನೆಯ ಬೆಳಿಗ್ಗೆ ತಲೆನೋವು ಎಂದು ಮಲಗಿದಳು. ಸಂಜೆಗೆ ಮೈ ಕೆಂಡ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವಳು, ಕುತ್ತಿಗೆ ಬಗ್ಗಿಸಲಾಗದು. ದೊಡ್ಡಾಸ್ಪತ್ರೆಗೆ ಹೊರಟ ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟವಳು ದಾರಿಯಲ್ಲೇ ಪ್ರಜ್ಞೆ ತಪ್ಪಿದಳು. ಮೆದುಳಿಗೆ ಜ್ವರ ಏರಿದೆ ಎಂದರು ಡಾಕ್ಟರು. ಗಾಜಿನ ಬಾಗಿಲ ಆಚೆ ಮೂಗಿಗೆ, ಬಾಯಿಗೆ, ಕೈಗೆ ನಳಿಕೆ ಹಾಕಿಸಿಕೊಂಡು ಮಲಗಿದಳು. ಏನೂ ಹೇಳಲಾಗದು, ಕಾಯಬೇಕು ಎಂದರು. ಕಾಯುವುದು ಎಂದರೆ ಏನೆಂದು ಆ ಬೆಂಚಿನ ಮೇಲೆ ಕೂತವರನ್ನೇ ಕೇಳಬೇಕು. ಬಾಗಿಲು ತೆರೆದರೂ ಎದೆ ಧಸಕ್ಕೆನ್ನುತ್ತದೆ, ತೆರೆಯದಿದ್ದರೂ ಧಸಕ್ಕೆನ್ನುತ್ತದೆ.

ನನ್ನ ತಮ್ಮ ಪ್ರಾರ್ಥನೆ ಮಾಡಿದ. ಮೊದಮೊದಲು ನಿನ್ನ ಚಿತ್ತದಂತಾಗಲಿ ಎಂದು ಸೇರಿಸುತ್ತಿದ್ದ. ಆಮೇಲೆ ಆ ಮಾತು ಬಿಟ್ಟುಹೋಯಿತು. ಕೊನೆಗೆ ಕೊಡು, ಕೊಡು ಎನ್ನುವುದೊಂದೇ ಕೇಳಿಸುತ್ತಿತ್ತು. ಗೇಟಿನ ಬೋರ್ಡಿನ ಕೆಳಗೆ ಹಾದುಹೋಗುವಾಗ ತಲೆ ಎತ್ತುತ್ತಿರಲಿಲ್ಲ.

ಇತ್ತ ಚರ್ಚಿನ ಪ್ರತಿಷ್ಠೆಯ, ಎಂದರೆ ಹೊಸ ಕಟ್ಟಡವನ್ನು ದೇವರಿಗೆ ಒಪ್ಪಿಸುವ, ಭಾನುವಾರ ಹತ್ತಿರ ಬರುತ್ತಿತ್ತು. ಸಭೆಯ ಖಜಾಂಚಿ ಆಸ್ಪತ್ರೆಗೆ ಬಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಬೇರೆ ಪೇಂಟರಿಗೆ ಹೇಳಿ ಮುಗಿಸುತ್ತೇವೆ, ನೀನು ಮಗಳನ್ನು ನೋಡಿಕೋ ಎಂದರು. ಇವನು ಬೆಂಚಿನಿಂದ ಎದ್ದೇ ಬಿಟ್ಟ. ಬೇಡ, ನಾನೇ ಬರೆಯುತ್ತೇನೆ ಎಂದ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಅವನ ಮುಖ ನೋಡಿಯೇ ತಿಳಿಯಿತು. ಸಾಲು ಪೂರ್ತಿಯಾದರೆ ಮಗಳು ಕಣ್ಣು ಬಿಡುತ್ತಾಳೆ. ಕರ್ತನ ಕೆಲಸ ಅರ್ಧಕ್ಕೆ ಬಿಟ್ಟರೆ ಅವನೂ ಅವಳನ್ನು ಅರ್ಧಕ್ಕೆ ಬಿಡುತ್ತಾನೆ. ಚಿಕ್ಕ ಮಕ್ಕಳು ಹೀಗೆ ಲೆಕ್ಕ ಹಾಕುತ್ತಾರೆ. ದೇವರನ್ನ ರಾಜ ಅಂತೀಯ, ಅವನಿಗೇ ಲಂಚ ಕೊಡೋಕೆ ಹೊರಟಿದೀಯಲ್ಲೋ ಎಂದೆ. ಲಂಚ ನಡೆಯೋದಿಲ್ಲ ಅಂತ ಗೊತ್ತಕ್ಕ, ಆದರೆ ನನ್ನ ಹತ್ತಿರ ಬೇರೆ ಏನಿದೆ ಎಂದ.

ಚಹಾ ತಂದುಕೊಟ್ಟೆ. ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ. ಆಮೇಲೆ ಗಾಜಿನ ಬಾಗಿಲನ್ನೇ ನೋಡುತ್ತಾ ಹೇಳಿದ:

“ಅವನು ಆಳ್ತಾನೆ ಅಂದ್ರೆ ಇದನ್ನ ಮಾಡಿದ್ದೂ ಅವನೇ, ಅಕ್ಕ. ಆಳಲ್ಲ ಅಂದ್ರೆ ನಾನು ಯಾರ ಕಾಲು ಹಿಡೀಲಿ?”

ನನ್ನ ಗಂಡ ಸತ್ತಂದಿನಿಂದ ಅವನಿಗೆ ಕೊಡಬೇಕಾದ ಒಂದು ಉತ್ತರವನ್ನು ನಾನು ಕೂಡಿಟ್ಟುಕೊಂಡಿದ್ದೆ. ಹುಲ್ಲುಕಡ್ಡಿಯ ಉತ್ತರ. ಅದು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ಉದ್ದದ ನಾಲಿಗೆ ಆ ಹೊತ್ತು ಅಲುಗಲಿಲ್ಲ. ಅವನ ಕೈಯಿಂದ ಲೋಟ ತೆಗೆದು ಬೆಂಚಿನ ಕೆಳಗಿಟ್ಟೆ.

ಶುಕ್ರವಾರ ಬೆಳಿಗ್ಗೆ ಅವನು ಚರ್ಚಿನ ಗೋಡೆ ಬರೆಯಲು ಹೋದ, ನಾನು ಬೆಂಚಿನ ಮೇಲಿದ್ದೆ. ಬಿಸಿಲೇರುವ ಮೊದಲೇ ಡಾಕ್ಟರು ನನ್ನನ್ನು ಒಳಗೆ ಕರೆದರು. ನಳಿಕೆಗಳನ್ನು ತೆಗೆದಿದ್ದರು. ಅವಳ ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು. ನಾನು ಎಷ್ಟು ಹೊತ್ತು ಅತ್ತೆನೋ, ಚರ್ಚಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಬಾಗಿಲಲ್ಲಿ ನಿಂತಾಗಲೇ ಕಾಲಲ್ಲಿ ಚಪ್ಪಲಿ ಇಲ್ಲದ್ದು ಗಮನಕ್ಕೆ ಬಂತು.

ಅವನು ಅಟ್ಟಣಿಗೆಯ ಮೇಲೆ ಒಬ್ಬನೇ ಇದ್ದ. ‘ಕರ್ತನು’ ಮುಗಿದಿತ್ತು. ಮುಂದಿನ ಅಕ್ಷರದ ಹೊಟ್ಟೆ ತುಂಬುತ್ತಿದ್ದ. ತಿರುಗಿ ನನ್ನ ಮುಖ ನೋಡಿದ, ಬರಿಗಾಲು ನೋಡಿದ, ಮತ್ತೆ ಗೋಡೆಗೆ ತಿರುಗಿದ.

“ಹೇಳಬೇಡ ಅಕ್ಕ,” ಎಂದ. “ಇದು ಮುಗೀಲಿ. ಅಲ್ಲಿವರೆಗೂ ಹೇಳಬೇಡ.”

ನಾನು ಕೆಳಗೆ ನಿಂತು ಇಳಿಯೋ ಎಂದು ಬೇಡಿದೆ. ಅವನು ಕೇಳಿಸಿಕೊಳ್ಳಲಿಲ್ಲ. ನಾನು ಹೇಳುವವರೆಗೆ ಅವಳು ಬದುಕಿದ್ದಾಳೆ, ಅವನ ಕೈಯಲ್ಲಿ ಉಳಿದದ್ದು ಅಷ್ಟೇ. ಮಂಡಿ ನೋವಿನ ಈ ಮುದುಕಿ ಏಣಿ ಹತ್ತಿದಳು, ಅವನನ್ನು ಕೈ ಹಿಡಿದು ಇಳಿಸಬೇಕೆಂದು. ಹಲಗೆಯ ಮೇಲೆ ಅವನ ಹಿಂದೆ ಬಂದು ನಿಂತೆ. ಅಷ್ಟರಲ್ಲಿ ಅವನು ಅಕ್ಷರ ಮುಗಿಸಿ, ತಿರುಗದೆ, ಬ್ರಷ್ಷು ಹಿಡಿದ ಕೈಯನ್ನು ಹಿಂದಕ್ಕೆ ಚಾಚಿದ. ಬಣ್ಣ ಆರಿದೆ, ಅದ್ದಿಕೊಡು ಎನ್ನುತ್ತಿದ್ದಾನೆ ಎಂದುಕೊಂಡೆ. ನನ್ನ ಕಣ್ಣಿಗೆ ಗೋಡೆಯೂ ಕಾಣುತ್ತಿರಲಿಲ್ಲ, ಅಕ್ಷರವೂ ಕಾಣುತ್ತಿರಲಿಲ್ಲ. ಬ್ರಷ್ಷು ಇಸಿದುಕೊಂಡು, ಡಬ್ಬದಲ್ಲಿ ಅದ್ದಿ, ಅದೇ ಕೈಗೆ ಮರಳಿಸಿದೆ. ಅವನು ಮುಂದಿನ ಅಕ್ಷರಕ್ಕೆ ಸರಿದ.

ಕೊನೆಯ ಅಕ್ಷರದವರೆಗೂ ನಾನು ಅವನ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮುಗಿಸಿ, ಗೋಡೆಯತ್ತ ತಿರುಗಿಯೂ ನೋಡದೆ ಇಳಿದ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದ, ಬಟ್ಟೆಯಲ್ಲಿ ಒರೆಸಿದ, ಡಬ್ಬಕ್ಕೆ ಮುಚ್ಚಳ ಹಾಕಿ ಗಟ್ಟಿಯಾಗಿ ಒತ್ತಿದ. ಮತ್ತೆ ಮಾಡಲು ಏನೂ ಉಳಿಯಲಿಲ್ಲ.

“ಈಗ ಹೇಳು,” ಎಂದ.

ಹೇಳಿದೆ.

ಮರುದಿನ ಮಣ್ಣು ಮಾಡಿದೆವು. ಅವನು ಅಳಲಿಲ್ಲ, ‘ಕರ್ತನು ಆಳುತ್ತಾನೆ’ ಎಂದೂ ಅನ್ನಲಿಲ್ಲ. ಅಷ್ಟು ವರ್ಷಗಳಲ್ಲಿ ಅವನು ಆ ಮಾತು ನುಂಗಿದ್ದು ಅದೇ ಮೊದಲು, ನನಗೆ ಅದರಿಂದ ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು. ಗುಂಡಿಯ ಪಕ್ಕದಲ್ಲಿ ಖಜಾಂಚಿ ಅವನ ಭುಜ ತಟ್ಟಿ, ಎಲ್ಲ ದೇವರ ಚಿತ್ತ, ಧೈರ್ಯ ತಗೋ ಎಂದರು. ಅದು ಅವನದೇ ಮಾತು, ಬೀದಿಯ ಎಷ್ಟೋ ಮನೆಗಳಲ್ಲಿ ಅವನೇ ಹೇಳಿದ್ದು. ತನ್ನ ಮಾತು ತನಗೇ ತಗುಲಿ ಅವನು ಕಣ್ಣು ಮುಚ್ಚಿಕೊಂಡ. ನಿಮ್ಮ ಮನೆಯಲ್ಲಿ ಆದಾಗ ಹೇಳಿ, ಈಗ ಮಣ್ಣು ಹಾಕಿ ನಡೀರಿ ಎಂದು ನಾನು ಖಜಾಂಚಿಯ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಹೇಳಬಾರದಿತ್ತು ಎಂದು ಈಗಲೂ ಅನಿಸಿಲ್ಲ.

ಪ್ರತಿಷ್ಠೆಯನ್ನು ಮುಂದೂಡೋಣವೇ ಎಂದು ಪಾದ್ರಿಗಳು ಮನೆಗೆ ಬಂದು ಕೇಳಿದ್ದರು. ನಡೀಲಿ ಎಂದಿದ್ದ. ಭಾನುವಾರ ಅವನು ಶುಭ್ರವಾದ ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತ. ಗೋಡೆಯ ಬರಹಕ್ಕೆ ಶುಕ್ರವಾರ ಮಧ್ಯಾಹ್ನವೇ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಬಟ್ಟೆ ಇಳಿಬಿಡುವ ಮೊದಲು ಯಾರೂ ಓದಿ ನೋಡಿರಲಿಲ್ಲ. ಏನು ಬರೆದಿದೆ ಎಂದು ಎಲ್ಲರಿಗೂ ಗೊತ್ತೇ ಇತ್ತಲ್ಲ.

ಬಟ್ಟೆ ಸರಿಸಿದರು. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದೋಣ ಎಂದರು ಪಾದ್ರಿಗಳು. ದೊಡ್ಡವರು ನೆನಪಿನಿಂದ ಓದಿದರು: ಕರ್ತನು ಆಳುತ್ತಾನೆ. ಮುಂದಿನ ಸಾಲಿನ ಮಕ್ಕಳು ಈಗಷ್ಟೇ ಅಕ್ಷರ ಕಲಿತವರು, ಅವರು ಕಣ್ಣಿಂದ ಓದಿದರು: ಕರ್ತನು ಅಳುತ್ತಾನೆ. ಎರಡೂ ಒಂದರ ಮೇಲೊಂದು ಬಿದ್ದು ಸಭೆ ಗಪ್ಪನೆ ನಿಂತಿತು. ಒಂದು ಮಗು ಕಿಸಕ್ಕನೆ ನಕ್ಕಿತು. ಆಗ ದೊಡ್ಡವರೂ ಗೋಡೆ ನೋಡಿದರು. ಆಳಿನ ಎತ್ತರದ ಅಕ್ಷರ, ಕಡು ನೀಲಿ ಬಣ್ಣ, ‘ಅ’. ಪಕ್ಕದಲ್ಲಿ ಹತ್ತಿರದವರಿಗೆ ಮಾತ್ರ ಕಾಣುವಂತೆ ಸೀಮೆಸುಣ್ಣದ ಬಾಲವೊಂದು ಮೇಲಕ್ಕೆದ್ದಿತ್ತು.

ನನ್ನ ತಮ್ಮ ಎದ್ದು ಪೀಠದವರೆಗೆ ನಡೆದುಹೋದ. ತಲೆ ಎತ್ತಿ ಬಹಳ ಹೊತ್ತು ನೋಡಿದ. ಆಮೇಲೆ ಅಷ್ಟು ಜನರ ನಡುವೆ ನನ್ನತ್ತ ತಿರುಗಿದ.

“ಅಕ್ಕ, ಅವತ್ತು ಬ್ರಷ್ಷು ವಾಪಸ್ ಕೊಟ್ಟಿದ್ದು ನೀನಾ?”

ಹೌದು ಎಂದು ತಲೆಯಾಡಿಸಿದೆ. ಕೈಗೆ ಬ್ರಷ್ಷು ಬಂದಿತ್ತು, ಬಾಲ ಬಿತ್ತು ಎಂದುಕೊಂಡಿದ್ದ. ತನ್ನ ಹಿಂದೆ ಅವಳು ಇದ್ದಾಳೆ ಎಂದುಕೊಂಡೇ ಕೊನೆಯ ಅಕ್ಷರದವರೆಗೂ ಬರೆದಿದ್ದ. ಅಲ್ಲೇ ಪೀಠದ ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿಗೆ ಅಳದವನು, ನನ್ನ ಗಂಡನಿಗೆ ಅಳದವನು, ಮಗಳ ಗುಂಡಿಯ ಪಕ್ಕದಲ್ಲಿ ಅಳದವನು, ಎದೆ ಒಡೆದುಹೋಗುವ ಹಾಗೆ ಬಾಯಿಬಿಟ್ಟು ಅತ್ತ. ನಾನು ಹೋಗಿ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡೆ.

ಖಜಾಂಚಿ ಎದ್ದು, ಊರು ನಗುತ್ತದೆ, ಯಾರಾದರೂ ಈಗಲೇ ಒಂದು ಗೆರೆ ಎಳೆದುಬಿಡಿ ಎಂದು ಬಣ್ಣದ ಡಬ್ಬ ಹುಡುಕಲು ಹೊರಟರು. ಪಾದ್ರಿಗಳು ಅವರನ್ನು ಕೂರಿಸಿದರು. ತಾವೂ ಬಂದು ಮೆಟ್ಟಿಲ ಮೇಲೆ ನಮ್ಮ ಪಕ್ಕ ಕೂತರು.

“ಇರಲಿ ಬಿಡಿ,” ಎಂದರು. “ಇದೂ ಸುಳ್ಳಲ್ಲ. ಬರೆದವನೇ ತಿದ್ದೋವರೆಗೂ ಹೀಗೇ ಇರಲಿ.”

ಸತ್ತ ಗೆಳೆಯನ ಗೋರಿಯ ಮುಂದೆ ಕರ್ತನು ಅತ್ತು, ಆಮೇಲೆ ಅವನನ್ನು ಬದುಕಿಸಿದ ಬೈಬಲಿನ ಕತೆ ನಮಗೆಲ್ಲ ಬಾಯಿಪಾಠ. ಎಬ್ಬಿಸುವ ಶಕ್ತಿ ಕೈಯಲ್ಲಿದ್ದೂ ಮೊದಲು ಅತ್ತನಲ್ಲ ಎಂದು ನಾನು ಯೋಚಿಸಿದ್ದು ಅವತ್ತು. ಹಾಗೆಂದು ನನಗೆ ಸಮಾಧಾನವಾಯಿತೆಂದು ತಿಳಿಯಬೇಡಿ. ಅವನ ಗೆಳೆಯ ಎದ್ದು ಬಂದ. ನಮ್ಮ ಬಾಲ ಬರಲಿಲ್ಲ.

ಈಗಲೂ ಗೋಡೆ ಹಾಗೆಯೇ ಇದೆ. ಹೊಸಬರು ಬಂದರೆ ನೋಡಿ ಹುಬ್ಬು ಗಂಟಿಕ್ಕುತ್ತಾರೆ, ಪಕ್ಕದವರು ಕಿವಿಯಲ್ಲಿ ಏನೋ ಹೇಳುತ್ತಾರೆ, ಸುಮ್ಮನಾಗುತ್ತಾರೆ. ನನ್ನ ತಮ್ಮ ಬೋರ್ಡು ಬರೆಯುತ್ತಾನೆ, ಆದರೆ ‘ಆ’ ಇರುವ ಬೋರ್ಡು ಬಂದರೆ ಬೇರೆಯವರ ಹತ್ತಿರ ಕಳಿಸುತ್ತಾನೆ. ಶನಿವಾರ ನಾನು ಗುಡಿಸುವಾಗ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಪ್ರಾರ್ಥನೆ ಮಾಡುತ್ತಾನೋ ಸುಮ್ಮನೆ ಕೂರುತ್ತಾನೋ ನಾನು ಕೇಳುವುದಿಲ್ಲ. ಒಂದು ಶನಿವಾರ ಮಾತ್ರ ತಡೆಯಲಾಗದೆ ಕೇಳಿಬಿಟ್ಟೆ, ಸೀಮೆಸುಣ್ಣ ದಿನ ದಿನಕ್ಕೆ ಉದುರುತ್ತಿದೆ ಕಣೋ, ಪೂರ್ತಿ ಹೋಗುವ ಮೊದಲು ಬಣ್ಣ ಹಾಕುತ್ತೀಯೋ ಇಲ್ಲವೋ ಎಂದು. ಆಳುತ್ತಾನೆ ಎಂಬುದನ್ನೇ ಬಿಟ್ಟುಬಿಟ್ಟೆಯಾ ಎಂದೂ ಕೇಳಿದೆ.

ಅವನು ಗೋಡೆಯನ್ನೇ ನೋಡುತ್ತಿದ್ದ.

“ಬಿಟ್ಟಿಲ್ಲ ಅಕ್ಕ,” ಎಂದ. “ಅವನು ಮೊದಲು ಅತ್ತು ಮುಗಿಸಲಿ. ಆಮೇಲೆ ಆಳಲಿ.”

ಜೇಡರ ಬಲೆ ತೆಗೆಯುವ ಕೋಲು ನನ್ನ ಕೈಯಲ್ಲಿತ್ತು. ಎಲ್ಲ ಮೂಲೆಯನ್ನೂ ಗುಡಿಸಿದೆ. ಆ ಬಾಲದ ಹತ್ತಿರ ಮಾತ್ರ ಕೋಲು ಒಯ್ಯಲಿಲ್ಲ.